ಕ್ಲಚ್ ಮುಳುಗಿರುವ ಎಣ್ಣೆ

ಡಂಬಳದಿಂದ ಡೋಣಿಯ ಕಡೆಗೆ ಹೊರಟರೆ ಕಪ್ಪತಗುಡ್ಡದ ಏರು ಎದುರಾಗುತ್ತದೆ. 100 ಸಿಸಿ ಗಾಡಿಯ ಹಿಂದೆ ಮೇವಿನ ಹೊರೆಯೋ ಗೊಬ್ಬರದ ಚೀಲವೋ ಇರುತ್ತದೆ. ಎರಡನೇ ಗೇರಿನಲ್ಲಿ ಎಂಜಿನ್ ಕೂಗುತ್ತದೆ, ಆದರೆ ಗಾಡಿ ಮುಂದಕ್ಕೆ ಎಳೆಯುವುದಿಲ್ಲ. ಕ್ಲಚ್ ಜಾರುತ್ತಿದೆ. ಪ್ಲೇಟ್ ಸವೆದಿರಬಹುದು, ಕೇಬಲ್ ತೀರಾ ಬಿಗಿಯಾಗಿರಬಹುದು. ಆದರೆ ಆಯಿಲ್ ಬದಲಿಸಿದ ಮೇಲೆಯೇ ಇದು ಶುರುವಾಗಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಎಂಜಿನ್ನಿಗೆ ಏನು ಸುರಿದಿದ್ದೀರಿ?

ಟ್ರ್ಯಾಕ್ಟರಿಗೆ ತಂದ ಡಬ್ಬಿಯಲ್ಲಿ ಉಳಿದ ಆಯಿಲ್, ಕಾರಿನ ಆಯಿಲ್, ‘ಒಳಗ ಸ್ವಚ್ಛ ಆಗ್ತದ’ ಎಂದು ಹಾಕುವ ಡೀಸೆಲ್ ಇಲ್ಲವೇ ಚಿಮಣಿ ಎಣ್ಣೆ, ಅಂಗಡಿಯಲ್ಲಿ ಸಿಗುವ ‘ಆಯಿಲ್ ಟ್ರೀಟ್‌ಮೆಂಟ್’ ಬಾಟಲಿ, ಹೀಗೆ ಬೆರೆಸುವ ರೂಢಿ ಹಲವು ಬಗೆಯದು. ಇದಕ್ಕೊಂದು ಹಿನ್ನೆಲೆಯೂ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ದಿ ಗಾಡಿಗಳು ಟೂ-ಸ್ಟ್ರೋಕ್. ಅವುಗಳಲ್ಲಿ ಹೆಚ್ಚಿನವಕ್ಕೆ ಆಯಿಲನ್ನು ಪೆಟ್ರೋಲಿನಲ್ಲೇ ಬೆರೆಸಬೇಕಿತ್ತು. ಅದು ಸಿಲಿಂಡರಿನಲ್ಲಿ ಉರಿದು ಹೊಗೆಯಾಗಿ ಹೋಗುತ್ತಿತ್ತು, ಗೇರಿನ ಪೆಟ್ಟಿಗೆಯ ಆಯಿಲ್ ಬೇರೆಯೇ ಇರುತ್ತಿತ್ತು. ಬೆರೆಸುವುದು ಅಲ್ಲಿ ವಿನ್ಯಾಸದ್ದೇ ಭಾಗ.

ಇಂದಿನ ಫೋರ್-ಸ್ಟ್ರೋಕ್ ಬೈಕಿನ ಲೆಕ್ಕ ಬೇರೆ. ಹೆಚ್ಚುಕಡಿಮೆ ಒಂದು ಲೀಟರ್ ಆಯಿಲು ಪಿಸ್ಟನ್ನು, ಗೇರು, ಕ್ಲಚ್ಚು ಮೂರನ್ನೂ ತೊಯಿಸುತ್ತದೆ. ಸಾಮಾನ್ಯ ಗೇರಿನ ಕಾರಿನಲ್ಲಿ ಕ್ಲಚ್ ಒಣಗಿರುತ್ತದೆ. ಎರಕದ ಕಬ್ಬಿಣದ ಎಂಜಿನ್ನಿನ ಹಳೆಯ ಬುಲೆಟ್ಟಿನಲ್ಲೂ ಎಂಜಿನ್, ಕ್ಲಚ್, ಗೇರುಗಳ ಆಯಿಲು ಬೇರೆ ಬೇರೆ ಇತ್ತು. ನಮ್ಮ ಬೈಕಿನಲ್ಲಿ ಪಿಸ್ಟನ್ನಿಗೆ ಜಾರಿಕೆ ಬೇಕು, ಕ್ಲಚ್ಚಿಗೆ ಹಿಡಿತ ಬೇಕು. ಎರಡನ್ನೂ ಒಂದೇ ದ್ರವ ಕೊಡಬೇಕು.

ಇದು ಹೇಗೆ ಸಾಧ್ಯ? ಡಬ್ಬಿಯಲ್ಲಿರುವುದು ಬರೀ ಎಣ್ಣೆಯಲ್ಲ. ಮೂಲ ಎಣ್ಣೆಯ ಜೊತೆಗೆ ಕೊಳೆಯನ್ನು ತೇಲಿಸಿಟ್ಟುಕೊಳ್ಳುವ, ಆಮ್ಲವನ್ನು ತಣಿಸುವ, ಬಿಸಿಯಾದಾಗ ತೀರಾ ತೆಳುವಾಗದಂತೆ ತಡೆಯುವ ರಾಸಾಯನಿಕಗಳಿರುತ್ತವೆ. ಸವೆತ ತಡೆಯುವ ಸತು-ರಂಜಕದ ಸಂಯುಕ್ತವೊಂದು ಉಜ್ಜಾಟದ ಬಿಸಿಗೆ ಒಡೆದು, ಉಕ್ಕಿನ ಮೈಮೇಲೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ತೆಳುವಾದ ಗಟ್ಟಿ ಪೊರೆ ಕಟ್ಟುತ್ತದೆ. ಲೋಹದ ಮೈಮೇಲೆ ಅಂಟಿ ಕೂರಬೇಕಾದವಕ್ಕೆಲ್ಲ ಅಲ್ಲಿರುವ ಜಾಗ ಅಷ್ಟೇ. ಹೊರಗಿನಿಂದ ಮತ್ತೊಂದನ್ನು ಸುರಿದರೆ ಅದು ಇದ್ದುದನ್ನು ತಳ್ಳಿ ತಾನು ಕೂರಬಹುದು.

ಕೆಲವು ಕಾರು ಆಯಿಲುಗಳಲ್ಲಿ ಇಂಧನ ಉಳಿಸಲೆಂದು ಘರ್ಷಣೆ ತಗ್ಗಿಸುವ ಮಾಲಿಬ್ಡಿನಂ ಸಂಯುಕ್ತ ಸೇರಿಸುತ್ತಾರೆ. ಅದರಿಂದ ಹುಟ್ಟುವ ಪದರಗಳು ಇಸ್ಪೀಟ್ ಎಲೆಗಳಂತೆ ಒಂದರ ಮೇಲೊಂದು ಜಾರುತ್ತವೆ. ಪಿಸ್ಟನ್ನಿಗೆ ಅದು ಒಳ್ಳೆಯದೇ. ಕ್ಲಚ್ ಪ್ಲೇಟುಗಳ ನಡುವೆಯೂ ಅದೇ ಜಾರಿಕೆ ಬಂದರೆ ಡೋಣಿಯ ಏರಿನಲ್ಲಿ ಗಾಡಿ ನಿಲ್ಲುತ್ತದೆ. ಇಂಥ ಆಯಿಲುಗಳು ಹೆಚ್ಚಿದ ಮೇಲೆ, 1990ರ ದಶಕದ ಕೊನೆಗೆ ಜಪಾನಿನವರು ಬೈಕಿನ ಆಯಿಲಿಗೆಂದೇ ಜಾಸೊ ಟಿ 903 ಎಂಬ ಮಾನದಂಡ ತಂದರು. ಡಬ್ಬಿಯ ಮೇಲಿನ ‘ಜಾಸೊ ಎಂಎ’ ಅಥವಾ ‘ಎಂಎ2’ ಎಂಬ ಗುರುತಿಗೆ, ಒದ್ದೆ ಕ್ಲಚ್ಚಿನ ಹಿಡಿತವನ್ನು ಯಂತ್ರದಲ್ಲಿ ಅಳೆದು ನೋಡಿದ ಆಯಿಲು ಎಂದು ಅರ್ಥ. ‘ಎಂಬಿ’ ಇದ್ದರೆ ಘರ್ಷಣೆ ಕಡಿಮೆ. ಒಣ ಕ್ಲಚ್ಚಿನ ಸ್ಕೂಟರಿಗೆ ಅದು ಸರಿ, ಬೈಕಿಗೆ ಬೇಡ.

ಔಡಲ ಎಣ್ಣೆಯ ಕತೆಯನ್ನು ಇಲ್ಲಿ ಹೇಳಲೇಬೇಕು. ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಈ ಬೀಜದ ಎಣ್ಣೆ ಚಕ್ಕಡಿಯ ಅಚ್ಚಿಗೂ ಆಗುತ್ತಿತ್ತು, ವಿಮಾನಕ್ಕೂ ಆಯಿತು. ಮೊದಲ ಮಹಾಯುದ್ಧದ ಸುತ್ತುವ ಎಂಜಿನ್ನುಗಳಲ್ಲಿ ಇದೇ ಕೀಲೆಣ್ಣೆ. ಇದರ ಬಹುಪಾಲು ರಿಸಿನೊಲಿಯಿಕ್ ಆಮ್ಲದ್ದು. ಅದರಲ್ಲಿರುವ ಹೈಡ್ರಾಕ್ಸಿಲ್ ಗುಂಪು ಲೋಹಕ್ಕೆ ಬಿಗಿಯಾಗಿ ಅಂಟುತ್ತದೆ, ಪೆಟ್ರೋಲು ಅದನ್ನು ಸುಲಭಕ್ಕೆ ತೊಳೆಯಲಾರದು. ಇಷ್ಟು ಗುಣವಿದ್ದ ಮೇಲೆ ಬೈಕಿಗೂ ಒಂದಿಷ್ಟು ಹಾಕಿದರೇನು ಎನಿಸುವುದು ಸಹಜ. ಆದರೆ ಆ ವಿಮಾನಗಳಲ್ಲಿ ಎಣ್ಣೆ ಒಮ್ಮೆ ಹಾದು ಹೊರಗೆ ಚೆಲ್ಲಿಹೋಗುತ್ತಿತ್ತು. ಬೈಕಿನಲ್ಲಿ ಅದು ಸಾವಿರಾರು ಕಿಲೋಮೀಟರ್ ಒಳಗೇ ಬೇಯಬೇಕು. ಔಡಲ ಎಣ್ಣೆ ಬಿಸಿಗೆ, ಗಾಳಿಗೆ ಗಟ್ಟಿಯಾಗಿ ಅಂಟಾಗುತ್ತದೆ, ಪಿಸ್ಟನ್ ರಿಂಗುಗಳನ್ನು ಹಿಡಿದುಬಿಡುತ್ತದೆ. ಮೇಲಾಗಿ ಖನಿಜ ಎಣ್ಣೆಯ ಜೊತೆ ಅದು ಸರಿಯಾಗಿ ಬೆರೆಯುವುದೂ ಇಲ್ಲ.

ಡೀಸೆಲ್ಲಿನದು ಇದಕ್ಕೆ ತಿರುಗುಮುರುಗು. ಅದು ಪೂರ್ತಿ ಬೆರೆಯುತ್ತದೆ, ತೊಂದರೆ ಇರುವುದೇ ಅಲ್ಲಿ. ತಳದ ಪ್ಲಗ್ ಬಿಚ್ಚಿ ಆಯಿಲ್ ಇಳಿಸಿದಾಗ ಎಲ್ಲವೂ ಹೊರಬರುವುದಿಲ್ಲ. ಕ್ಲಚ್ ಪ್ಲೇಟುಗಳ ನಡುವೆ, ಸಣ್ಣ ಕಾಲುವೆಗಳಲ್ಲಿ ಒಂದಿಷ್ಟು ನಿಲ್ಲುತ್ತದೆ. ಎಂಜಿನ್ ಪೂರ್ತಿ ಬಿಚ್ಚಿದಾಗ ಒಂದು ಅಳತೆ, ಬರೀ ಆಯಿಲ್ ಬದಲಿಸಿದಾಗ ಅದಕ್ಕಿಂತ ಕಡಿಮೆ ಅಳತೆ ಎಂದು ಕಂಪನಿಯ ಪುಸ್ತಕದಲ್ಲಿ ಎರಡು ಅಂಕಿ ಕೊಡುವುದು ಇದಕ್ಕೇ. ಹತ್ತರಲ್ಲೊಂದು ಪಾಲು ಡೀಸೆಲ್ ಸೇರಿದರೂ 40ರ ಗ್ರೇಡಿನ ಆಯಿಲು ಬಿಸಿಯಲ್ಲಿ 30ರ ಮಟ್ಟಕ್ಕೆ ತೆಳುವಾಗುತ್ತದೆ. ಚೈತ್ರ-ವೈಶಾಖದ ಬಿಸಿಲಿನಲ್ಲಿ ಹೇರು ಹೊತ್ತು ನಿಧಾನವಾಗಿ ಏರುವ, ಗಾಳಿಯಿಂದಷ್ಟೇ ತಣಿಯುವ ಎಂಜಿನ್ನಿಗೆ ಈ ನಷ್ಟ ದೊಡ್ಡದು.

ಟ್ರ್ಯಾಕ್ಟರ್ ಆಯಿಲ್ ಹಾಕಿದೊಡನೆ ಕ್ಲಚ್ ಜಾರಲೇಬೇಕೆಂದಿಲ್ಲ. ಆದರೆ ಡೀಸೆಲ್ ಎಂಜಿನ್ನಿನ ಕೆಲವು ಆಯಿಲುಗಳು ಉರಿದಾಗ ಬೂದಿ ಹೆಚ್ಚು ಬಿಡುತ್ತವೆ. ಜಾಸೊ ಅದಕ್ಕೆ ಶೇ. 1.2ರ ಮಿತಿ ಹಾಕಿದೆ. ಮಿಕ್ಕ ಬೂದಿ ಕೂರುವುದು ಸ್ಪಾರ್ಕ್ ಪ್ಲಗ್ಗು, ವಾಲ್ವುಗಳ ಮೇಲೆ. ಇನ್ನು ‘ಟ್ರೀಟ್‌ಮೆಂಟ್’ ಬಾಟಲಿಗಳು: ಟೆಫ್ಲಾನ್ ಪುಡಿ ಬೆರೆಸಿದ ಅಂಥದೊಂದು ಜನಪ್ರಿಯ ದ್ರವ, ಸ್ಲಿಕ್ 50, ಎಂಜಿನ್ ಸವೆತ ತಗ್ಗಿಸುತ್ತದೆಂದು ಮಾಡಿದ್ದ ಜಾಹೀರಾತುಗಳಿಗೆ ಆಧಾರವಿಲ್ಲವೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದೂರಿತ್ತು. 1997ರಲ್ಲಿ ಆ ಕಂಪನಿ ಒಪ್ಪಂದಕ್ಕೆ ಬಂತು.

ಹಾಗೆಂದು ಬೇರೆ ಕಂಪನಿಯ ಆಯಿಲ್ ಮುಟ್ಟಲೇಬಾರದೆಂದಲ್ಲ. ಮುಂಡರಗಿ ದಾರಿಯಲ್ಲಿ ಆಯಿಲ್ ಕಡಿಮೆಯಾದದ್ದು ಕಂಡರೆ, ಅದೇ ಗ್ರೇಡಿನ, ಎಂಎ ಗುರುತಿನ ಯಾವ ಫೋರ್-ಟಿ (ಫೋರ್-ಸ್ಟ್ರೋಕ್) ಆಯಿಲನ್ನಾದರೂ ಧೈರ್ಯವಾಗಿ ತುಂಬಿಸಿ. ಆಯಿಲಿಲ್ಲದೆ ಓಡಿಸುವುದಕ್ಕಿಂತ ಅದು ಎಷ್ಟೋ ವಾಸಿ. ನಮ್ಮ ಎರೆಹೊಲದ ದಾರಿಯ ಧೂಳಿಗಂತೂ ಯಾವ ಬಾಟಲಿಯಲ್ಲೂ ಔಷಧಿಯಿಲ್ಲ. ಮರಳಿನ ಕಣ ಉಕ್ಕಿಗಿಂತ ಗಟ್ಟಿ. ಆ ದುಡ್ಡಿನಲ್ಲಿ ಏರ್ ಫಿಲ್ಟರ್ ಬದಲಿಸುವುದು ಲೇಸು.

ತಪ್ಪು ಆಯಿಲು ಈಗಾಗಲೇ ಬಿದ್ದಿದ್ದರೆ ಓಡಿಸದೆ ಇಳಿಸಿ, ಸರಿಯಾದದ್ದು ಹಾಕಿ, ಹೇರಿಲ್ಲದೆ ಸ್ವಲ್ಪ ದೂರ ಓಡಿಸಿ, ಬಿಸಿಯಿರುವಾಗಲೇ ಮತ್ತೊಮ್ಮೆ ಇಳಿಸಿ ಹೊಸದು ತುಂಬಿಸಬೇಕು. ಎಷ್ಟೋ ಸಲ ಕ್ಲಚ್ ಇದರಿಂದಲೇ ಮತ್ತೆ ಹಿಡಿಯುತ್ತದೆ. ಇಳಿಸಿದ ಆಯಿಲಿನಲ್ಲಿ ಸುಟ್ಟ ವಾಸನೆ ಬಂದರೆ ಮಾತ್ರ ಕವರ್ ಬಿಚ್ಚಿ ಪ್ಲೇಟುಗಳನ್ನು ನೋಡಿಸಬೇಕು. ಕರಿದಾದ ಪ್ಲೇಟು ಎಂಥ ಒಳ್ಳೆಯ ಆಯಿಲಿನಲ್ಲೂ ಮತ್ತೆ ಹಿಡಿಯುವುದಿಲ್ಲ.