ಮಗುವಿಗೆ ಮನೆಯಲ್ಲೇ ಹೊಲಿಯುವ ಬಟ್ಟೆ: ಅಂದಕ್ಕಿಂತ ಮೊದಲು ಆರೋಗ್ಯ

ಈದ್ ಹತ್ತಿರವಾಗುತ್ತಿದ್ದಂತೆ ಶಂಕರಪುರಂ, ಚಾಮರಾಜಪೇಟೆ ಕಡೆಯ ನಮ್ಮ ಮನೆಗಳಲ್ಲಿ ಹೊಲಿಗೆ ಯಂತ್ರಕ್ಕೆ ಎಣ್ಣೆ ಬೀಳುತ್ತದೆ. ಚಿಕ್ಕಪೇಟೆಯಿಂದ ಬಟ್ಟೆ, ಮಾಮೂಲ್‌ಪೇಟೆಯಿಂದ ಲೇಸು, ಗುಂಡಿ, ಚಮಕಿ ಬರುತ್ತವೆ. ಅಕೀಕಾಗೆ ಜಬ್ಲಾ, ಚಳಿಗೆ ಕುಲಾವಿ, ಹಬ್ಬಕ್ಕೆ ಫ್ರಾಕು, ಪುಟ್ಟ ಕುರ್ತಾ ಪೈಜಾಮ ಎಲ್ಲವೂ ದಾದಿ, ನಾನಿ, ಖಾಲಾಗಳ ಕೈಯಲ್ಲೇ ತಯಾರಾಗುತ್ತವೆ. ಪ್ರವಾದಿ ಮುಹಮ್ಮದ್(ಸ) ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂದು ಹಝ್ರತ್ ಆಇಶಾ(ರ) ವರದಿ ಮಾಡಿದ್ದಾರೆ. ಹಾಗಾಗಿ ಸೂಜಿದಾರ ಹಿಡಿಯಲು ತಂದೆಯಂದಿರಿಗೂ ಸಂಕೋಚ ಬೇಕಿಲ್ಲ.

ಮನೆಯ ಹೊಲಿಗೆ ಅಗ್ಗ, ಅಳತೆಗೆ ಸರಿ, ಬಟ್ಟೆ ಯಾವುದೆಂದು ನಮಗೆ ಗೊತ್ತಿರುತ್ತದೆ. ಆದರೆ ಹಬ್ಬ ಕಳೆದ ವಾರದಲ್ಲಿ ಕುತ್ತಿಗೆ, ಕಂಕುಳು, ಸೊಂಟದ ಸುತ್ತ ಕೆಂಪು ಗುಳ್ಳೆ ಎದ್ದ ಮಕ್ಕಳನ್ನು ಕರೆದುಕೊಂಡು ತಾಯಂದಿರು ನಮ್ಮ ಬಳಿ ಬರುವುದೂ ಇದೆ. ಬಹಳ ಸಲ ಕಾರಣ ಊಟದಲ್ಲಿರುವುದಿಲ್ಲ, ಬಟ್ಟೆಯಲ್ಲಿರುತ್ತದೆ.

ಮಗುವಿನ ಮಿಝಾಜ್, ಮಗುವಿನ ಚರ್ಮ

ಯೂನಾನಿ ವೈದ್ಯಶಾಸ್ತ್ರ ಬಾಲ್ಯದ ಮಿಝಾಜನ್ನು ಹಾರ್ರ್–ರತಬ್, ಅಂದರೆ ಬಿಸಿ ಮತ್ತು ತೇವ ಎಂದು ಗುರುತಿಸುತ್ತದೆ. ಇಬ್ನ್ ಸೀನಾ (980–1037) ತಮ್ಮ 'ಅಲ್ ಕಾನೂನ್' ಗ್ರಂಥದ ಮೊದಲ ಸಂಪುಟದಲ್ಲೇ ಎಳೆಗೂಸಿನ ಸ್ನಾನ, ನಿದ್ದೆ, ಹಾಲಿನ ಜೊತೆಗೆ ಮೈಗೆ ಸುತ್ತುವ ಬಟ್ಟೆಯ ವಿಚಾರವನ್ನೂ ಚರ್ಚಿಸಿದ್ದಾರೆ. ಇಂದಿನ ವೈದ್ಯಶಾಸ್ತ್ರದ ಪ್ರಕಾರವೂ ಮಗುವಿನ ಚರ್ಮ ದೊಡ್ಡವರದಕ್ಕಿಂತ ತೆಳು. ಬೆವರಿನ ನಾಳಗಳು ಬೇಗ ಕಟ್ಟಿಕೊಂಡು ಬೆವರುಸಾಲೆ ಏಳುತ್ತದೆ. ಗಾಳಿಯಾಡದ ನೈಲಾನ್, ಪಾಲಿಯೆಸ್ಟರ್, ನೆಟ್ ಬಟ್ಟೆ ಇದನ್ನು ಹೆಚ್ಚಿಸುತ್ತದೆ. ಪೌಡರ್ ಸುರಿಯುವುದು ಪರಿಹಾರವಲ್ಲ. ಅದರ ಪುಡಿ ಮಗುವಿನ ಉಸಿರಿನೊಳಗೆ ಹೋಗುತ್ತದೆ. ಉಗುರುಬೆಚ್ಚಗಿನ ನೀರಿನ ಸ್ನಾನ ಮತ್ತು ಸಡಿಲವಾದ ಹತ್ತಿಬಟ್ಟೆಯೇ ಸಾಕು.

ಬಟ್ಟೆಯ ಆಯ್ಕೆ

ನಮ್ಮ ಹಿರಿಯರು ಎಳೆಗೂಸಿಗೆ ಮೊದಲು ತೊಡಿಸುತ್ತಿದ್ದದ್ದು ದಾದಿಯ ಹಳೆಯ ಹತ್ತಿ ಸೀರೆ ಅಥವಾ ದುಪಟ್ಟಾದಿಂದ ಹೊಲಿದ ಅಂಗಿ. ಇದು ಬಡತನದ ಗುರುತಲ್ಲ, ಒಳ್ಳೆಯ ತಿಳುವಳಿಕೆ. ಹತ್ತಾರು ಸಲ ಒಗೆದ ಬಟ್ಟೆಯಲ್ಲಿ ಗಂಜಿಯಾಗಲಿ ಹೆಚ್ಚಿನ ಬಣ್ಣವಾಗಲಿ ಉಳಿದಿರುವುದಿಲ್ಲ. ಹೊಸದು ಕೊಳ್ಳುವುದಾದರೆ ಮಲ್, ವಾಯ್ಲ್, ಕೇಂಬ್ರಿಕ್ ಅಥವಾ ಮೆತ್ತನೆಯ ಹೊಸೈರಿ ಬಟ್ಟೆ ಆರಿಸಿ. ಸುಕ್ಕಾಗದ ಬಟ್ಟೆಗೆ ಕೆಲವೊಮ್ಮೆ ಫಾರ್ಮಾಲ್ಡಿಹೈಡ್ ಇರುವ ರಾಸಾಯನಿಕ ಹಚ್ಚಿರುತ್ತಾರೆ. ಅದು ಚರ್ಮಕ್ಕೆ ಕೆರೆತ ತರಬಲ್ಲದು. ಕತ್ತರಿಸುವ ಮೊದಲು ಬಟ್ಟೆಯನ್ನು ರಾತ್ರಿಯಿಡೀ ನೆನೆಸಿ, ಒಗೆದು, ಬಿಸಿಲಿಗೆ ಹಾಕಿ. ಆಗ ಬಟ್ಟೆ ಮೊದಲೇ ಕುಗ್ಗುತ್ತದೆ, ಹೊಲಿದ ಮೇಲೆ ಬಿಗಿಯಾಗುವುದಿಲ್ಲ.

1990ರ ದಶಕದಲ್ಲಿ ಕೇಂದ್ರ ಸರ್ಕಾರ ಬೆಂಝಿಡಿನ್ ಮತ್ತು ಅಝೋ ವರ್ಗದ 112 ಬಣ್ಣಗಳನ್ನು ನಿಷೇಧಿಸಿತು. ಆದರೂ ಬಟ್ಟೆ ಬಣ್ಣ ಬಿಡುತ್ತದೆಯೇ ಎಂದು ಒದ್ದೆಯಾದ ಬಿಳಿ ಬಟ್ಟೆಯಿಂದ ಉಜ್ಜಿ ನೋಡುವುದು ಒಳ್ಳೆಯದು. ಹಲ್ಲು ಬರುವ ವಯಸ್ಸಿನ ಮಗು ಕಾಲರನ್ನು ಚೀಪದೆ ಬಿಡುವುದಿಲ್ಲ. ಜರಿ, ಚಮಕಿ, ನೆಟ್ ಬೇಕೇಬೇಕೆಂದರೆ ಒಳಗೆ ಪೂರ್ತಿ ಹತ್ತಿಯ ಲೈನಿಂಗ್ ಕೊಡಿ. ಈದ್ ನಮಾಝ್ ಮುಗಿಸಿ ಮನೆಗೆ ಬಂದೊಡನೆ ಮಗುವಿಗೆ ಹತ್ತಿಬಟ್ಟೆ ಬದಲಾಯಿಸಿ.

ಅಳತೆ: ಮೊದಲು ತಲೆ, ಆಮೇಲೆ ಎದೆ

ದೊಡ್ಡವರ ಬಟ್ಟೆಗೆ ಎದೆಯ ಅಳತೆ ಮುಖ್ಯ. ಮಗುವಿನ ಬಟ್ಟೆಗೆ ತಲೆಯ ಅಳತೆಯೂ ಅಷ್ಟೇ ಮುಖ್ಯ. ಹುಟ್ಟಿದಾಗ ತಲೆಯ ಸುತ್ತಳತೆ ಸುಮಾರು 35 ಸೆಂ.ಮೀ., ಒಂದು ವರ್ಷಕ್ಕೆ ಸುಮಾರು 46, ಎರಡು ವರ್ಷಕ್ಕೆ ಸುಮಾರು 48. ಒಂದು ವರ್ಷದ ಹೊತ್ತಿಗೆ ಎದೆಯ ಸುತ್ತಳತೆಯೂ ಹೆಚ್ಚುಕಡಿಮೆ ತಲೆಯಷ್ಟೇ ಇರುತ್ತದೆ. ಆದ್ದರಿಂದ ತಲೆಯ ಮೇಲಿಂದ ಹಾಕುವ ಅಂಗಿಯ ಕತ್ತು, ಬಿಚ್ಚಿದಾಗ, ತಲೆಗಿಂತ ನಾಲ್ಕೈದು ಸೆಂ.ಮೀ. ದೊಡ್ಡದಿರಲಿ. ಭುಜದ ಮೇಲೆ ಅಥವಾ ಬೆನ್ನಿನಲ್ಲಿ ಟಿಚ್ ಬಟನ್ ಇಟ್ಟರೆ ಸುಲಭ. ಎದೆಯ ಸುತ್ತ 8ರಿಂದ 10 ಸೆಂ.ಮೀ. ಸಡಿಲ ಬಿಡಿ. ಪೈಜಾಮದ ಮಿಯಾನಿ ಅಗಲವಾಗಿರಲಿ. ಒಳಗಿನ ಲಂಗೋಟಿಗೂ ಕಾಲು ಅಗಲಿಸಲೂ ಜಾಗ ಬೇಕು. ಕೂಸನ್ನು ಬಟ್ಟೆಯಲ್ಲಿ ಸುತ್ತುವಾಗಲೂ ಇದೇ ನಿಯಮ. ಕಾಲು ನೇರ ಮಾಡಿ ಬಿಗಿಯಾಗಿ ಕಟ್ಟಿದರೆ ಸೊಂಟದ ಕೀಲು ಜಾರುವ ಅಪಾಯ ಹೆಚ್ಚು.

ಹೊಲಿಗೆಯ ಅಂಚು ಒಳಗೆ ಚುಚ್ಚದಂತೆ ಮಡಚಿ ಹೊಲಿಯಿರಿ. ಎಲಾಸ್ಟಿಕ್‌ನ ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಬಿಚ್ಚಿದಾಗ ಸೊಂಟದಲ್ಲಿ ಗುರುತು ಉಳಿದರೆ ಅದು ಬಿಗಿ ಎಂದರ್ಥ. ಕೈಗವಸು, ಕಾಲುಚೀಲದ ಒಳಗೆ ನೇತಾಡುವ ದಾರ ಬಿಡಬೇಡಿ. ಅದು ಬೆರಳಿಗೆ ಸುತ್ತಿಕೊಂಡರೆ ರಕ್ತ ನಿಂತು ಬೆರಳು ಊದಿ ಕಪ್ಪಾಗಬಹುದು. ಕೂಸು ಕಾರಣವಿಲ್ಲದೆ ಅಳುತ್ತಿದ್ದರೆ ಕೈಕಾಲಿನ ಬೆರಳುಗಳನ್ನೂ ನೋಡಿ.

ಲಾಡಿ, ಗುಂಡಿ, ಪಿನ್ನು

ಯುರೋಪಿನ ಸುರಕ್ಷತಾ ಮಾನದಂಡದಂತೆ 7 ವರ್ಷದೊಳಗಿನ ಮಕ್ಕಳ ಉಡುಪಿನ ಕುತ್ತಿಗೆ ಮತ್ತು ಟೋಪಿಯ ಭಾಗದಲ್ಲಿ ಲಾಡಿ ಇರಬಾರದು. ಅಮೆರಿಕದಲ್ಲೂ 1996ರಿಂದ ಇಂಥದೇ ಸೂಚನೆ ಇದೆ. ಲಾಡಿ ತೊಟ್ಟಿಲಿಗೋ ಜಾರುಬಂಡಿಗೋ ಸಿಕ್ಕಿಕೊಂಡು ಮಕ್ಕಳು ಸತ್ತದ್ದೇ ಇದಕ್ಕೆ ಕಾರಣ. ಕುಲಾವಿಗೆ ಗಲ್ಲದ ಕೆಳಗೆ ಕಟ್ಟುವ ಉದ್ದನೆಯ ಲಾಡಿ, ಕೊರಳಿಗೆ ಕಟ್ಟುವ ಗಟ್ಟಿದಾರ ಎರಡಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮಗು ಮನೆಯೊಳಗೆ ಮಲಗುವಾಗ ಕುಲಾವಿ ತೆಗೆದುಬಿಡಿ. ತಲೆಯ ಮೂಲಕ ಮೈಯ ಶಾಖ ಹೊರಹೋಗಬೇಕು. ಮಗುವಿಗೆ ಬಿಸಿಯಾಗಿದೆಯೇ ಎಂದು ತಿಳಿಯಲು ಕೈಕಾಲನ್ನಲ್ಲ, ಎದೆ ಅಥವಾ ಕತ್ತಿನ ಹಿಂಭಾಗವನ್ನು ಮುಟ್ಟಿ ನೋಡಿ.

ಮೂರು ವರ್ಷದೊಳಗಿನ ಮಗುವಿನ ಬಟ್ಟೆಗೆ ಮಣಿ, ಮುತ್ತು, ಸಡಿಲ ಗುಂಡಿ ಬೇಡ. ಗುಂಡಿ ಹಾಕಿದರೆ ಜೋರಾಗಿ ಎಳೆದು ಪರೀಕ್ಷಿಸಿ. ಮಿನುಗುವ ದೀಪವಿರುವ ಅಲಂಕಾರವನ್ನಂತೂ ಹೊಲಿಯಲೇಬೇಡಿ. ಅದರೊಳಗಿನ ಗುಂಡಿ ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು. ಒಂದು ವರ್ಷದೊಳಗಿನ ಕೂಸಿನ ಗಂಟಲಿಗೆ ಏನಾದರೂ ಸಿಕ್ಕಿ ಅಳಲೂ ಕೆಮ್ಮಲೂ ಆಗದಿದ್ದರೆ, ಮುಂಗೈ ಮೇಲೆ ತಲೆ ತಗ್ಗಾಗಿ ಬೋರಲು ಮಲಗಿಸಿ ಬೆನ್ನಿನ ನಡುವೆ ಐದು ಸಲ ತಟ್ಟಿ. ಹೊರಬರದಿದ್ದರೆ ಅಂಗಾತ ಮಾಡಿ ಎದೆಯ ನಡುವೆ ಒಂದು ಅಂಗೈಯ ಬುಡದಿಂದ ಐದು ಸಲ ಒತ್ತಿ, ಮತ್ತೆ ಮೊದಲಿನಿಂದ ಮಾಡಿ. ಕಾಣದ ವಸ್ತುವನ್ನು ಬೆರಳು ಹಾಕಿ ಹುಡುಕಬೇಡಿ. ಜೊತೆಯವರು ಕೂಡಲೇ 108ಕ್ಕೆ ಫೋನ್ ಮಾಡಲಿ.

ಬೆಂಕಿ

ನೈಲಾನ್ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿ ಅಂಟುವುದಿಲ್ಲ, ಆದರೆ ಅದೂ ಬೇಗ ಹೊತ್ತಿಕೊಳ್ಳುತ್ತದೆ. ನೆಲ ಗುಡಿಸುವಷ್ಟು ಉದ್ದದ, ಹೆಚ್ಚು ನೆರಿಗೆಯ ಫ್ರಾಕು ತೊಟ್ಟ ಮಗುವನ್ನು ಹಬ್ಬದ ಅಡುಗೆಮನೆಗೆ ಬಿಡಬೇಡಿ. ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಟೂತ್‌ಪೇಸ್ಟ್, ಶಾಯಿ, ಎಣ್ಣೆ ಹಚ್ಚಬೇಡಿ. ಅಂಟಿದ ಬಟ್ಟೆಯನ್ನು ಕೀಳಬೇಡಿ. ಸುಟ್ಟಗಾಯಕ್ಕೆಂದೇ ಪ್ರತ್ಯೇಕ ವಿಭಾಗವಿರುವ ವಿಕ್ಟೋರಿಯಾ ಆಸ್ಪತ್ರೆ ನಮ್ಮ ಕಡೆಗೆ ದೂರವೇನಲ್ಲ.

ಟ್ರಂಕಿನೊಳಗಿನ ನುಸಿಗುಳಿಗೆ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಅಕ್ಕನಿಗೆ ಹೊಲಿದ ಅಂಗಿಯನ್ನು ತಮ್ಮನಿಗೆಂದು ಟ್ರಂಕಿನಲ್ಲಿ ನಾಫ್ತಲೀನ್ ಗುಳಿಗೆ ಹಾಕಿ ತೆಗೆದಿಡುತ್ತೇವೆ. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಇದು ವಂಶದಲ್ಲಿ ಬರುವಂಥದ್ದು, ಗಂಡುಮಕ್ಕಳಲ್ಲಿ ಹೆಚ್ಚು. ಹೊರಗೆ ಏನೂ ಕಾಣುವುದಿಲ್ಲ. ಅಂಥ ಮಗುವಿಗೆ ನಾಫ್ತಲೀನ್ ವಾಸನೆಯ ಬಟ್ಟೆ ತೊಡಿಸಿದರೆ ಉಸಿರು ಮತ್ತು ಚರ್ಮದ ಮೂಲಕ ಅದು ಒಳಸೇರಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ನವಜಾತ ಶಿಶುವಿನಲ್ಲಿ ಕಾಮಾಲೆ ಏರಿ ಮೆದುಳಿಗೇ ಹಾನಿಯಾಗಬಹುದು.

ಕಣ್ಣು, ಮೈ ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು, ಮಗು ಬಿಳಿಚಿಕೊಂಡು ಹಾಲು ಕುಡಿಯದೆ ಮಂಕಾಗುವುದು ಇದರ ಲಕ್ಷಣಗಳು. ಇದಕ್ಕೆ ಮನೆಮದ್ದು ಹುಡುಕುತ್ತಾ ಕೂರಬೇಡಿ. ನಾನು ಯೂನಾನಿ ವೈದ್ಯನಾಗಿಯೇ ಹೇಳುತ್ತೇನೆ, ಇದು ಆಸ್ಪತ್ರೆಯ ಕೆಲಸ. ಕೃಷ್ಣರಾಜ ಮಾರುಕಟ್ಟೆಯ ಬಳಿ ವಾಣಿವಿಲಾಸ ಆಸ್ಪತ್ರೆ ಇದೆ. ತಡಮಾಡದೆ ಹೋಗಿ, ನುಸಿಗುಳಿಗೆಯ ವಿಷಯವನ್ನೂ ವೈದ್ಯರಿಗೆ ತಿಳಿಸಿ.

ಕೂಸಿನ ಬಟ್ಟೆಯನ್ನು ಒಗೆದು, ಚೆನ್ನಾಗಿ ಒಣಗಿಸಿ, ಒಣ ಬೇವಿನ ಎಲೆಯೊಂದಿಗೆ ಹತ್ತಿಚೀಲದಲ್ಲಿ ಕಟ್ಟಿಡಿ. ತೊಡಿಸುವ ಮೊದಲು ಎಲೆಯನ್ನೆಲ್ಲ ಕೊಡವಿ, ಮತ್ತೊಮ್ಮೆ ಒಗೆಯಿರಿ. ನಾಫ್ತಲೀನ್ ಬದಲು ಕರ್ಪೂರವೂ ಬೇಡ. ಮಗು ಅದನ್ನು ನುಂಗಿದರೆ ಫಿಟ್ಸ್ ಬರಬಹುದು. ಗುಳಿಗೆಯ ವಾಸನೆ ಹಿಡಿದ ಬಟ್ಟೆ ಎಷ್ಟೇ ಚೆಂದವಿದ್ದರೂ ಎಳೆಗೂಸಿಗೆ ಬೇಡ.

ತೊಡಿಸುವ ಮೊದಲು

ಹೊಲಿಗೆಗೆ ಕೂರುವಾಗ ಸೂಜಿ, ಗುಂಡುಪಿನ್ನು ಎಣಿಸಿಕೊಳ್ಳಿ, ಏಳುವಾಗ ಮತ್ತೆ ಎಣಿಸಿ. ಅಂಗಿಯನ್ನು ಒಳಮಗ್ಗುಲು ತಿರುಗಿಸಿ ನಿಮ್ಮ ಕೆನ್ನೆಗೆ ಉಜ್ಜಿ ನೋಡಿ. ನಿಮಗೆ ಚುಚ್ಚಿದರೆ ಮಗುವಿಗೂ ಚುಚ್ಚುತ್ತದೆ. ಸೋಪಿನ ಅಂಶ ಉಳಿಯದಂತೆ ಎರಡು ಸಲ ಜಾಲಿಸಿ. ಮಗು ಮೂತ್ರ ಮಾಡಿದ ಬಟ್ಟೆಯನ್ನು ಬರೀ ಒಣಗಿಸಿ ಮತ್ತೆ ತೊಡಿಸಬೇಡಿ, ನೀರಿನಲ್ಲಿ ಒಗೆಯಿರಿ. ಮಗುವನ್ನು ಎತ್ತಿಕೊಂಡೇ ಇರುವ ತಾಯಿಯ ನಮಾಝಿಗೂ ಮಗುವಿನ ಚರ್ಮಕ್ಕೂ ಇದು ಒಳ್ಳೆಯದು.

ಮಕ್ಕಳು ಅಲ್ಲಾಹನು ನಮ್ಮ ಕೈಗೆ ಕೊಟ್ಟ ಅಮಾನತ್. ಈ ಈದ್‌ಗೆ ಹೊಲಿಗೆಗೆ ಕೂರುವ ಮೊದಲು ಟ್ರಂಕನ್ನೊಮ್ಮೆ ತೆರೆದು, ಗುಳಿಗೆಗಳನ್ನು ಮಕ್ಕಳ ಕೈಗೆ ಸಿಗದಂತೆ ತೆಗೆದುಹಾಕಿ.