ಅಪಘಾತದ ವಕೀಲಕಿಗೆ ಬೇಕಾದ ಓದು

ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ನವಲಗುಂದದ ಮೇಲೆ ಹಾಯ್ದು ಹೋಗುತ್ತದೆ. ಲಾರಿ, ಬಸ್ಸುಗಳ ಜತೆಗೇ ಹೊಲದ ಟ್ರ್ಯಾಕ್ಟರುಗಳೂ ಓಡಾಡುವ ರಸ್ತೆಯಿದು. ಇಂಥಲ್ಲಿ ದುಡಿಯುವ ಗಂಡಸು ಅಪಘಾತಕ್ಕೆ ಬಲಿಯಾದರೆ ಮನೆಯವರಿಗೆ ದಿಕ್ಕು ತೋರುವವರು ಯಾರು? ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ವಾದಿಸುವ ವಕೀಲರು.

ಈ ವೃತ್ತಿಗೆ ದಾರಿ ಎರಡು. ಪಿಯುಸಿ ನಂತರ 5 ವರ್ಷದ ಕಾನೂನು ಪದವಿ, ಇಲ್ಲವೆ ಬೇರೆ ಪದವಿ ಮುಗಿಸಿ 3 ವರ್ಷದ ಎಲ್‌ಎಲ್.ಬಿ. ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರಿಂದ ಹುಬ್ಬಳ್ಳಿಯಲ್ಲೇ ಇದೆ. ಪದವಿಯ ನಂತರ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ, ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. ಆಮೇಲೆ ಹಿರಿಯರ ಕೈಕೆಳಗೆ ಕೆಲ ವರ್ಷ ದುಡಿಮೆ. ಆಗ ಗಳಿಕೆ ಅಷ್ಟಕ್ಕಷ್ಟೆ. ಪಾಲಕರು ಇದಕ್ಕೆ ಸಿದ್ಧರಿರಬೇಕು.

ಜೋರು ದನಿಯೊಂದೇ ಸಾಲದು, ಲೆಕ್ಕವೂ ಬರಬೇಕು. ಒಂದು ಉದಾಹರಣೆ ನೋಡಿ. ತಿಂಗಳಿಗೆ 12,000 ರೂಪಾಯಿ ಗಳಿಸುತ್ತಿದ್ದ, ಹೆಂಡತಿ ಮತ್ತು ಇಬ್ಬರು ಮಕ್ಕಳಿರುವ 35 ವರ್ಷದ ಕೂಲಿಕಾರ ಸತ್ತನೆನ್ನಿ. ಪ್ರಣಯ್ ಸೇಠಿ ತೀರ್ಪಿನಂತೆ (2017) ಮುಂದಿನ ಗಳಿಕೆಗೆಂದು ಶೇ. 40 ಕೂಡಿಸಿದರೆ 16,800. ಸರಳಾ ವರ್ಮಾ ತೀರ್ಪಿನಂತೆ (2009) ಅವನ ಸ್ವಂತ ಖರ್ಚಿಗೆ ಮೂರನೆಯ ಒಂದು ಪಾಲು ಕಳೆದರೆ 11,200. ವರ್ಷಕ್ಕೆ 1,34,400. ಆ ವಯಸ್ಸಿಗೆ ಗುಣಕ 16. ಮೊತ್ತ 21,50,400 ರೂಪಾಯಿ. ವಯಸ್ಸು 36 ಎಂದಾದರೆ ಗುಣಕ 15ಕ್ಕೆ ಇಳಿಯುತ್ತದೆ. 1,34,400 ರೂಪಾಯಿ ಕೈತಪ್ಪುತ್ತದೆ! ಆದ್ದರಿಂದ ಶಾಲೆಯ ದಾಖಲೆ ಹುಡುಕುವುದೂ ವಕೀಲರ ಕೆಲಸವೇ. ಆಧಾರ್ ಕಾರ್ಡು ಜನ್ಮದಿನಾಂಕಕ್ಕೆ ಪುರಾವೆಯಲ್ಲ ಎಂದು ಸುಪ್ರೀಂ ಕೋರ್ಟು 2024ರಲ್ಲಿ ಹೇಳಿದೆ.

ಗಾಯಾಳುವಿನ ಪ್ರಕರಣದಲ್ಲಿ ವೈದ್ಯಕೀಯವೂ ತಿಳಿದಿರಬೇಕು. ಎಡಗೈ ಹೋದರೆ ಗುಮಾಸ್ತ ಹೇಗೋ ಕೆಲಸ ಮುಂದುವರಿಸಿಯಾನು, ಚಾಲಕನ ಗತಿ? ಅಂಗ ಎಷ್ಟು ಊನವಾಯಿತು ಎಂಬುದಲ್ಲ, ಗಳಿಕೆ ಎಷ್ಟು ಕುಂದಿತು ಎಂಬುದು ಮುಖ್ಯವೆಂದು ರಾಜಕುಮಾರ್ ಪ್ರಕರಣ (2010) ಸ್ಪಷ್ಟಪಡಿಸಿತು. ಇದನ್ನು ವೈದ್ಯರ ಸಾಕ್ಷ್ಯದ ಮೂಲಕ ಹೊರತರಬೇಕು. ವಿಮಾ ಕಂಪನಿಯ ವಕೀಲರ ಪಾಟೀಸವಾಲನ್ನು ಎದುರಿಸಬೇಕು.

ವಿಮಾ ಪಾಲಿಸಿ ಓದುವುದೂ ಒಂದು ವಿದ್ಯೆ. ಸರಕು ವಾಹನದಲ್ಲಿ ಪುಕ್ಕಟೆ ಕುಳಿತವರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಆಶಾ ರಾಣಿ ಪ್ರಕರಣದಲ್ಲಿ (2002) ತೀರ್ಪಾಗಿದೆ. ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಆಳುಗಳು ಹೊಲಕ್ಕೆ ಹೋಗುವ ನಮ್ಮ ಸೀಮೆಯಲ್ಲಿ ಇದು ಚಿಕ್ಕ ಮಾತಲ್ಲ. ಹೊಣೆ ಮಾಲೀಕನ ಮೇಲೆ ಬಿದ್ದರೆ ಅವನ ಹೊಲಮನೆಗೂ ಕುತ್ತು.

ಮೇಲ್ಮನವಿಗೆ ಈಗ ಬೆಂಗಳೂರಿಗೆ ಓಡಬೇಕಿಲ್ಲ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾದ ಧಾರವಾಡ ಹೈಕೋರ್ಟ್ ಪೀಠ 2013ರಲ್ಲಿ ಕಾಯಂ ಆಯಿತು.

ಕೊನೆಯದಾಗಿ ಒಂದು ಮಾತು. ಅಮೆರಿಕದಲ್ಲಿ ವಕೀಲರು ಪರಿಹಾರದಲ್ಲೇ ಇಷ್ಟು ಪಾಲೆಂದು ಫೀ ಗೊತ್ತುಮಾಡಿಕೊಳ್ಳುತ್ತಾರೆ. ನಮ್ಮಲ್ಲಿ ವಕೀಲರ ಪರಿಷತ್ತಿನ ನಿಯಮ ಅದನ್ನು ನಿಷೇಧಿಸಿದೆ. ಆ ಹಣ ತಂದೆಯಿಲ್ಲದ ಮಕ್ಕಳ ಅನ್ನ. ಅದರ ಮೇಲೆ ಕಣ್ಣಿಡದೆ ದುಡಿಯುವ ಮನಸ್ಸಿದ್ದರೆ, ವಿದ್ಯಾರ್ಥಿಗಳೇ, ಈ ಕಪ್ಪು ಕೋಟು ನಿಮಗೆ ಒಪ್ಪುತ್ತದೆ.