ಸರ್ಪಗಂಧಿ: ಬೇರಿನ ಗುಣವೂ ಗಿಡದ ಆರೋಗ್ಯವೂ

ಧಾರವಾಡ ಜಿಲ್ಲೆಯನ್ನು ಪೂರ್ವದಿಂದ ಪಶ್ಚಿಮಕ್ಕೆ ನೋಡುತ್ತ ಹೋದರೆ ಒಂದೇ ಜಿಲ್ಲೆಯೊಳಗೆ ಎರಡು ಸೀಮೆಗಳು ಕೂಡಿರುವುದು ಕಣ್ಣಿಗೆ ಬೀಳುತ್ತದೆ. ನವಲಗುಂದ, ಅಣ್ಣಿಗೇರಿಗಳ ಕಡೆಗೆ ಮರಗಳು ವಿರಳವಾದ ವಿಶಾಲ ಎರೆಭೂಮಿ. ಅದು ಜೋಳ, ಕಡಲೆ, ಗೋದಿ, ಹತ್ತಿಗಳ ನಾಡು. ಕಲಘಟಗಿಯ ಕಡೆಗೆ ಸಾಗಿದಂತೆ ಮಳೆ ಹೆಚ್ಚಿ, ಮಣ್ಣು ಕೆಂಪೇರಿ, ಭತ್ತದ ಗದ್ದೆಗಳೂ ಕಾಡಿನ ಸೆರಗೂ ತೋರತೊಡಗುತ್ತವೆ. ಈ ತಾಲೂಕಿನ ತಂಬೂರ ಅಂಥ ಸೀಮಾಪ್ರದೇಶದ ಒಂದು ಊರು. ಅದರ ಆಚೆಗೆ ಮುಂಡಗೋಡ, ಯಲ್ಲಾಪುರಗಳ ಅರಣ್ಯಗಳು ಹಬ್ಬಿವೆ.

ಔಷಧಿ ಸಸ್ಯಗಳ ವಿಷಯವನ್ನು ಇಂಥ ಊರನ್ನು ಮನಸ್ಸಿನಲ್ಲಿಟ್ಟುಕೊಂಡು ಚಿಂತಿಸುವುದು ಉಚಿತವೆಂದು ನಮಗೆ ತೋರುತ್ತದೆ. ಬಯಲುಸೀಮೆಯ ಬದುವಿನ ಬಳ್ಳಿಗಳೂ ಮಲೆನಾಡಿನ ನೆರಳಿನ ಗಿಡಗಳೂ ಇಲ್ಲಿಯ ಜನರಿಗೆ ಸಮಾನವಾಗಿ ಪರಿಚಿತವಾಗಲು ಅವಕಾಶವಿದೆ. ಹಾಗೆಯೇ ಎರಡರ ಹೆಸರುಗಳು ಒಂದರೊಳಗೊಂದು ಬೆರೆಯುವುದಕ್ಕೂ ಅವಕಾಶವಿದೆ. ಪ್ರಕೃತ ಲೇಖನದಲ್ಲಿ ನಾವು ಸರ್ಪಗಂಧಿ ಎಂಬ ಒಂದೇ ಗಿಡವನ್ನು ಆರಿಸಿಕೊಂಡಿದ್ದೇವೆ. ಬೇರಿನಲ್ಲಿರುವ ಮದ್ದನ್ನು ಶೋಧಿಸುವುದರಲ್ಲಿ ವಿಜ್ಞಾನ ತೋರಿದ ಆಸಕ್ತಿಯನ್ನು, ಆ ಬೇರನ್ನು ಹೊತ್ತ ಗಿಡದ ಬಾಳಿನ ವಿಷಯದಲ್ಲಿ ಸಕಾಲಕ್ಕೆ ತೋರಲಿಲ್ಲ. ಅದರ ಫಲವೇನಾಯಿತೆಂಬುದಕ್ಕೆ ಈ ಗಿಡಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಗಿಡದ ಗುರುತು

ಸರ್ಪಗಂಧಿಯ ಶಾಸ್ತ್ರೀಯ ನಾಮ ರಾವೋಲ್ಫಿಯ ಸರ್ಪೆಂಟಿನ. ಹದಿನಾರನೆಯ ಶತಮಾನದ ಜರ್ಮನ್ ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಲಿಯೊನ್‌ಹಾರ್ಟ್ ರಾವೋಲ್ಫನ ಸ್ಮರಣೆಗಾಗಿ ಈ ಜಾತಿಗೆ ಆ ಹೆಸರು ಬಂದಿದೆ. ಇದು ನಮ್ಮ ಅಂಗಳದ ಕಣಗಿಲೆಯ ಕುಟುಂಬಕ್ಕೆ ಸೇರಿದ ಕಿರುಪೊದೆ; ಸಾಮಾನ್ಯವಾಗಿ ಮೊಣಕಾಲಿನಿಂದ ಸೊಂಟದವರೆಗಿನ ಎತ್ತರಕ್ಕೆ ಬೆಳೆಯುತ್ತದೆ. ಗೆಣ್ಣಿನ ಸುತ್ತ ಹೆಚ್ಚಾಗಿ ಮೂರು ಮೂರು ನುಣುಪಾದ ಎಲೆಗಳಿರುತ್ತವೆ. ಹೂವಿನ ತೊಟ್ಟುಗಳು ಕೆಂಪು, ದಳಗಳು ಬಿಳುಪು, ಉದ್ದವಾದ ಹೂನಾಳಕ್ಕೆ ನಸುಗೆಂಪಿನ ಛಾಯೆ. ಹಣ್ಣುಗಳು ಪಕ್ವವಾದಾಗ ಕರಿನೇರಳೆ ಬಣ್ಣಕ್ಕೆ ತಿರುಗುತ್ತವೆ. ಬೇರು ಅಂಕುಡೊಂಕಾಗಿದ್ದು ಬಲು ಕಹಿಯಾಗಿರುತ್ತದೆ.

ಇಷ್ಟು ವಿವರವನ್ನು ಕೊಡಲು ಕಾರಣವಿದೆ. ಸರ್ಪಗಂಧಿಗೆ ಕನ್ನಡದಲ್ಲಿ ಸೂತ್ರನಾಭಿ, ಪಾತಾಳಗರುಡ ಎಂಬ ಹೆಸರುಗಳೂ ಉಂಟು. ಆದರೆ ಸಂಸ್ಕೃತದಲ್ಲಿ ಪಾತಾಳಗರುಡಿಯೆಂದು ಕರೆಯುವುದು ನಮ್ಮ ಬೇಲಿಗಳ ಮೇಲೆ ಹಬ್ಬುವ ದಾಗಡಿ ಬಳ್ಳಿಯನ್ನು. ಎಲೆಯನ್ನು ನೀರಿನಲ್ಲಿ ಕಿವುಚಿಟ್ಟರೆ ಆ ನೀರು ಲೋಳೆಯಂತೆ ಹೆಪ್ಪುಗಟ್ಟುವುದನ್ನು ಹಳ್ಳಿಯ ಹುಡುಗರೆಲ್ಲ ಬಲ್ಲರು. ಇವೆರಡೂ ಬೇರೆ ಬೇರೆ ಕುಟುಂಬಗಳ ಸಸ್ಯಗಳು. ಗುಣದಲ್ಲಿ ಅವುಗಳಿಗೆ ಯಾವ ಸಂಬಂಧವೂ ಇಲ್ಲ. ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಅಮೆರಿಕದ ಉಷ್ಣಪ್ರದೇಶದಿಂದ ಬಂದು ನಮ್ಮಲ್ಲಿ ನೆಲಸಿರುವ ರಾವೋಲ್ಫಿಯ ಟೆಟ್ರಾಫಿಲ್ಲ ಎಂಬ ದಾಯಾದಿ ಗಿಡದ ಬೇರನ್ನು ಸರ್ಪಗಂಧಿಯೊಡನೆ ಬೆರಸುವುದುಂಟು. ಅದರಲ್ಲಿ ಗೆಣ್ಣಿಗೆ ನಾಲ್ಕು ಎಲೆಗಳಿದ್ದು ಅವು ಒಂದೇ ಅಳತೆಯವಾಗಿರುವುದಿಲ್ಲ, ಹೂಗಳೂ ಚಿಕ್ಕವು. ಅದರ ಬೇರಿನಲ್ಲಿಯೂ ಮದ್ದಿನ ಅಂಶಗಳಿದ್ದರೂ ಅವುಗಳ ಕೂಟವೂ ಪ್ರಮಾಣವೂ ಬೇರೆ. ಆದುದರಿಂದ ಹೆಸರನ್ನು ಕೇಳಿ ಮದ್ದನ್ನು ನಂಬಬಾರದು. ಗಿಡವನ್ನು ಕಂಡು ನಂಬಬೇಕು. ಔಷಧಿ ಸಸ್ಯಗಳ ಸಂಶೋಧನೆಯಲ್ಲಿ ಇದೇ ಮೊದಲ ಪಾಠ.

ಶೋಧನೆಯ ಇತಿಹಾಸ

ಸರ್ಪಗಂಧಿಯ ಬೇರನ್ನು ನಮ್ಮ ದೇಶದಲ್ಲಿ ಬಹುಕಾಲದಿಂದ ಹಾವಿನ ಕಡಿತಕ್ಕೂ ನಿದ್ರಾಹೀನತೆಗೂ ಉನ್ಮಾದಕ್ಕೂ ಉಪಯೋಗಿಸುತ್ತ ಬಂದಿದ್ದರು. ಇವುಗಳಲ್ಲಿ ಮೊದಲನೆಯ ಉಪಯೋಗವನ್ನು ವಿಜ್ಞಾನ ಸಮರ್ಥಿಸಲಿಲ್ಲ. ಹಾವು ಕಡಿದವನನ್ನು ತಡಮಾಡದೆ ಆಸ್ಪತ್ರೆಗೆ ಒಯ್ದು ಪ್ರತಿವಿಷವನ್ನು ಕೊಡಿಸುವುದೇ ಸರಿಯಾದ ಉಪಾಯ. ಉಳಿದೆರಡರಲ್ಲಿ ಸತ್ಯಾಂಶವಿದೆಯೆಂಬುದು 1931ರಲ್ಲಿ ಪ್ರಕಟವಾದ ಎರಡು ಶೋಧನೆಗಳಿಂದ ತಿಳಿದುಬರತೊಡಗಿತು. ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು, ಈ ಬೇರು ಉನ್ಮಾದವನ್ನು ಶಮನಗೊಳಿಸುವುದಲ್ಲದೆ ರಕ್ತದ ಒತ್ತಡವನ್ನೂ ಇಳಿಸುತ್ತದೆಂದು ವರದಿ ಮಾಡಿದರು. ಅದೇ ವರ್ಷ ಸಲೀಮುಜ್ಜಮಾನ್ ಸಿದ್ದಿಕಿಯವರು ತಮ್ಮ ಸಹೋದ್ಯೋಗಿಯೊಡನೆ ಬೇರಿನಿಂದ ಹಲವು ಆಲ್ಕಲಾಯ್ಡುಗಳನ್ನು, ಎಂದರೆ ಸಾರಜನಕವುಳ್ಳ ಕಹಿ ಸಸ್ಯವಸ್ತುಗಳನ್ನು, ಬೇರ್ಪಡಿಸಿದರು. ಅವುಗಳಲ್ಲಿ ಒಂದಕ್ಕೆ ಹಕೀಮ್ ಅಜ್ಮಲ್ ಖಾನರ ಗೌರವಾರ್ಥವಾಗಿ ಅಜ್ಮಲಿನ್ ಎಂದು ಹೆಸರಿಟ್ಟರು.

1949ರಲ್ಲಿ ಮುಂಬಯಿಯ ಡಾಕ್ಟರ್ ರುಸ್ತುಮ್ ಜಾಲ್ ವಕೀಲರು ರಕ್ತದೊತ್ತಡದ 50 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ವಿವರವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಆಗ ಪಾಶ್ಚಾತ್ಯ ವೈದ್ಯಲೋಕ ಎಚ್ಚತ್ತಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ರಸಾಯನಜ್ಞರು ರಿಸರ್ಪಿನ್ ಎಂಬ ಆಲ್ಕಲಾಯ್ಡನ್ನು ಶುದ್ಧರೂಪದಲ್ಲಿ ಪಡೆದರು. ರಕ್ತದೊತ್ತಡ ಮತ್ತು ಮಾನಸಿಕ ವ್ಯಾಧಿಗಳ ಚಿಕಿತ್ಸೆಯಲ್ಲಿ ಕೆಲವು ಕಾಲ ಅದಕ್ಕೆ ಅಗ್ರಸ್ಥಾನ ದೊರೆತಿದ್ದಿತು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ನರು ರಿಸರ್ಪಿನ್ ಕೊಟ್ಟು ನಿಶ್ಚೇಷ್ಟಗೊಳಿಸಿದ ಪ್ರಾಣಿಗಳನ್ನು ಲೆವೊಡೋಪ ಎಂಬ ವಸ್ತುವಿನಿಂದ ಮತ್ತೆ ಚೇತರಿಸುವಂತೆ ಮಾಡಿದರು. ಕಂಪವಾತದ ಇಂದಿನ ಚಿಕಿತ್ಸೆಗೆ ಆ ಪ್ರಯೋಗವೇ ದಾರಿ ತೋರಿತು. 2000ದಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ದೊರೆಯಿತು. ನಮ್ಮ ಕಾಡಿನ ಒಂದು ಕಿರುಗಿಡ ಮೆದುಳಿನ ರಸಾಯನವನ್ನು ಅರಿಯಲು ಕೀಲಿಕೈಯಾದುದು ಹೀಗೆ.

ಗಿಡವು ಮದ್ದನ್ನು ತಯಾರಿಸುವ ಬಗೆ

ಗಿಡವು ಆಲ್ಕಲಾಯ್ಡನ್ನು ಮನುಷ್ಯನಿಗಾಗಿ ತಯಾರಿಸುವುದಿಲ್ಲ. ಓಡಿಹೋಗಲಾರದ ಸಸ್ಯಕ್ಕೆ ಕಹಿಯೇ ಒಂದು ರಕ್ಷಣೆ. ಮೇಯುವ ಪ್ರಾಣಿಗಳನ್ನೂ ಕೀಟಗಳನ್ನೂ ದೂರವಿರಿಸಲು ಇಂಥ ವಸ್ತುಗಳು ನೆರವಾಗುತ್ತವೆಂದು ಸಸ್ಯಶಾಸ್ತ್ರಜ್ಞರು ತಿಳಿಯುತ್ತಾರೆ. ಎಲ್ಲ ಸಸ್ಯಗಳಲ್ಲಿಯೂ ಇರುವ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದ ಈ ಕಾರ್ಯ ಮೊದಲಾಗುತ್ತದೆ. ಅದರಿಂದ ಹುಟ್ಟಿದ ಟ್ರಿಪ್ಟಮಿನ್ ಸೆಕೊಲೊಗನಿನ್ ಎಂಬ ಇನ್ನೊಂದು ವಸ್ತುವಿನೊಡನೆ ಕೂಡಿ, ಅನೇಕ ಮಜಲುಗಳನ್ನು ದಾಟಿ, ಕೊನೆಗೆ ರಿಸರ್ಪಿನ್ ಮೊದಲಾದ ರೂಪಗಳನ್ನು ತಾಳುತ್ತದೆ. ರಿಸರ್ಪಿನ್ನಿನ ಒಂದು ಅಣುವಿನಲ್ಲಿ ಎರಡು ಸಾರಜನಕದ ಪರಮಾಣುಗಳಿವೆ. ಮಣ್ಣಿನಿಂದ ಗಿಡಕ್ಕೆ ದೊರೆಯುವ ಪೋಷಣೆಗೂ ಬೇರಿನ ಗುಣಕ್ಕೂ ಸಂಬಂಧವಿದೆಯೆಂಬುದು ಇದರಿಂದಲೇ ಊಹ್ಯವಾಗುತ್ತದೆ. ಆದರೆ ಸಾರಜನಕ ಹೆಚ್ಚಿದಷ್ಟೂ ಮದ್ದು ಹೆಚ್ಚುವುದೆಂದು ಭಾವಿಸಬಾರದು. ಅತಿಯಾದರೆ ಸೊಪ್ಪು ಸೊಂಪಾಗಿ, ಬೇರಿಗೆ ಸಲ್ಲಬೇಕಾದುದು ಎಲೆಗೆ ಸಲ್ಲುತ್ತದೆ.

ಬೇರಿನೊಳಗೂ ಆಲ್ಕಲಾಯ್ಡುಗಳ ಬಹುಭಾಗ ತೊಗಟೆಯಲ್ಲಿಯೇ ಸಂಗ್ರಹವಾಗಿರುತ್ತದೆ. ತೊಗಟೆ ಕಿತ್ತುಹೋದ ಬೇರು ನೋಡಲು ಶುಭ್ರವಾಗಿ ಕಂಡರೂ ಸತ್ತ್ವಹೀನವಾದುದು. ಗಿಡದ ವಯಸ್ಸು, ಮಣ್ಣು, ಕೀಳುವ ಋತು, ಒಣಗಿಸುವ ವಿಧಾನ ಇವೆಲ್ಲವುಗಳಿಂದ ಅದರ ಪ್ರಮಾಣ ವ್ಯತ್ಯಾಸ ಹೊಂದುತ್ತದೆ.

ಈ ವ್ಯತ್ಯಾಸದ ಪರಿಣಾಮವನ್ನು ಒಂದು ಸುಲಭ ಲೆಕ್ಕದಿಂದ ವಿಶದಪಡಿಸಬಹುದು. ಒಂದು ಬೇರಿನಲ್ಲಿ ರಿಸರ್ಪಿನ್ ನೂರಕ್ಕೆ 0.1 ಪಾಲು, ಇನ್ನೊಂದರಲ್ಲಿ 0.2 ಪಾಲು ಇದೆಯೆಂದು ಭಾವಿಸೋಣ. ಎರಡರಿಂದಲೂ 200 ಮಿಲಿಗ್ರಾಮ್ ಪುಡಿಯನ್ನು ತೂಗಿಕೊಟ್ಟರೆ ಮೊದಲ ರೋಗಿಗೆ 0.2 ಮಿಲಿಗ್ರಾಮ್, ಎರಡನೆಯವನಿಗೆ 0.4 ಮಿಲಿಗ್ರಾಮ್ ಮದ್ದು ಸೇರುತ್ತದೆ. ತಕ್ಕಡಿ ಸುಳ್ಳು ಹೇಳಲಿಲ್ಲ. ಆದರೂ ಒಬ್ಬನಿಗೆ ಇಮ್ಮಡಿ ದೊರೆಯಿತು. ರಿಸರ್ಪಿನ್ನಿನ ಪ್ರಮಾಣ ಮೀರಿದರೆ ನಾಡಿ ನಿಧಾನಗೊಳ್ಳುವುದು, ಮೂಗು ಕಟ್ಟುವುದು, ಮನಸ್ಸಿಗೆ ಗಾಢವಾದ ವಿಷಾದ ಕವಿಯುವುದು ಮುಂತಾದ ತೊಂದರೆಗಳು ಉಂಟಾಗುವ ಸಂಭವವಿದೆ. ಇವುಗಳಿಗಾಗಿಯೂ, ಹೆಚ್ಚು ಸುರಕ್ಷಿತವಾದ ಔಷಧಗಳು ಬಂದುದರಿಂದಲೂ, ಮುಂದಿನ ದಶಕಗಳಲ್ಲಿ ಅದರ ಬಳಕೆ ಬಹಳ ಮಟ್ಟಿಗೆ ಇಳಿಯಿತು. ಗಿಡಮೂಲಿಕೆಯೆಂದ ಮಾತ್ರಕ್ಕೆ ಅದು ನಿರಪಾಯಕರವೆಂಬ ನಂಬಿಕೆ ಎಷ್ಟು ದುರ್ಬಲವಾದುದೆಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು. ಬೇರನ್ನು ಮನೆಯಲ್ಲಿ ಅರೆದು ಸೇವಿಸುವುದು ಎಂದಿಗೂ ತರವಲ್ಲ.

ಕೀರ್ತಿಯಿಂದಾದ ಕೇಡು

ಎಲೆಯ ಮದ್ದಾದರೆ ಗಿಡ ಮತ್ತೆ ಚಿಗುರುತ್ತದೆ. ಹಣ್ಣಿನ ಮದ್ದಾದರೆ ಮರುವರ್ಷ ಮತ್ತೆ ಕಾಯಿ ಕಟ್ಟುತ್ತದೆ. ಬೇರಿನ ಮದ್ದಿಗೆ ಈ ಸೌಲಭ್ಯವಿಲ್ಲ. ಸರ್ಪಗಂಧಿಯ ಬೇರನ್ನು ಅಗೆದು ತೆಗೆದರೆ ಸಾಮಾನ್ಯವಾಗಿ ಗಿಡವೇ ಹೋಯಿತು. ರಿಸರ್ಪಿನ್ ಪ್ರಸಿದ್ಧವಾದ ಬಳಿಕ ದೇಶವಿದೇಶಗಳ ಬೇಡಿಕೆಯೆಲ್ಲ ಕಾಡಿನ ಗಿಡಗಳ ಮೇಲೆ ಎರಗಿತು. ಹಣ್ಣು ಬಿಟ್ಟು ಬೀಜ ಉದುರುವುದಕ್ಕೆ ಮೊದಲೇ ಕಿತ್ತರೆ ಮುಂದಿನ ಪೀಳಿಗೆಯೂ ಅದರೊಡನೆಯೇ ಮುಗಿಯುತ್ತದೆ. ಅಮೆರಿಕದ ವುಡ್‌ವರ್ಡ್ 1956ರಲ್ಲಿ ರಿಸರ್ಪಿನ್ನನ್ನು ಪ್ರಯೋಗಶಾಲೆಯಲ್ಲಿ ಸಂಶ್ಲೇಷಿಸಿ ರಸಾಯನಶಾಸ್ತ್ರದ ಒಂದು ಮಹಾಸಾಧನೆಯನ್ನು ಮೆರೆದನು. ಆದರೂ ಬಹು ಮಜಲುಗಳ ಆ ವಿಧಾನದಿಂದ ಬೇರಿನ ಬೇಡಿಕೆ ತಪ್ಪಲಿಲ್ಲ.

ಕೊನೆಗೆ 1990ರಲ್ಲಿ ಸರ್ಪಗಂಧಿಯನ್ನು ಅಳಿವಿನ ಭಯವುಳ್ಳ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿಸಲಾಯಿತು. ಅದರಿಂದಾಗಿ ದೇಶದಿಂದ ದೇಶಕ್ಕೆ ಸಾಗಿಸಲು ಅನುಮತಿಪತ್ರ ಅವಶ್ಯಕವಾಯಿತು. 1993ರಿಂದ ಮುಂದಕ್ಕೆ ಕರ್ನಾಟಕ, ಕೇರಳ, ತಮಿಳುನಾಡುಗಳ ಅರಣ್ಯ ಇಲಾಖೆಗಳು ಬೆಂಗಳೂರಿನ ಒಂದು ಸಂಶೋಧನ ಸಂಸ್ಥೆಯ ಸಹಕಾರದೊಡನೆ ಔಷಧಿ ಸಸ್ಯಗಳ ಸಂರಕ್ಷಣಾ ಪ್ರದೇಶಗಳನ್ನು ಏರ್ಪಡಿಸಿದವು. ಉತ್ತರ ಕನ್ನಡದ ದೇವಿಮನೆ ಅಂಥವುಗಳಲ್ಲಿ ಒಂದು. ಸಸ್ಯವನ್ನು ಅದರ ತವರಿನಲ್ಲಿಯೇ, ಅದರ ಪರಾಗವಾಹಕ ಕೀಟಗಳೊಡನೆಯೂ ನೆರಳುಮರಗಳೊಡನೆಯೂ, ಉಳಿಸಬೇಕೆಂಬುದು ಇದರ ಉದ್ದೇಶ.

ಬೇಸಾಯದ ದಾರಿ

ಕಾಡನ್ನು ಕಾಯುವುದರ ಜೊತೆಗೆ ಹೊಲದಲ್ಲಿ ಬೆಳೆಯುವುದೂ ಅವಶ್ಯಕ. ಇಲ್ಲಿಯೇ ಗಿಡದ ಆರೋಗ್ಯ, ಪೋಷಣೆಗಳ ವಿಚಾರ ಮುಂದೆ ಬರುತ್ತದೆ. ಸರ್ಪಗಂಧಿಗೆ ಕೊಳೆತೆಲೆಯ ಸಾರವುಳ್ಳ, ನೀರು ಬಸಿದುಹೋಗುವ, ಹುಳಿಯಿಂದ ತಟಸ್ಥದವರೆಗಿನ ಮಣ್ಣು ಒಗ್ಗುತ್ತದೆ, ಅರೆನೆರಳೂ ಹಿತ. ನೀರು ನಿಂತರೆ ಬೇರು ಕೊಳೆಯುತ್ತದೆ. ಆದಕಾರಣ ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ನವಲಗುಂದದ ಎರೆಮಣ್ಣು ಇದಕ್ಕೆ ತಕ್ಕುದಲ್ಲ. ತಂಬೂರದಂಥ ಊರುಗಳ ಸೀಮೆಯ ಕೆಂಪು ಮಣ್ಣಿನಲ್ಲಿ, ಗದ್ದೆಯ ತಗ್ಗನ್ನು ಬಿಟ್ಟು ಇಳಿಜಾರಿನ ಮರದ ನೆರಳಿನಲ್ಲಿ, ಪ್ರಯೋಗಕ್ಕೆ ಹೆಚ್ಚು ಅನುಕೂಲವುಂಟು.

ಬೀಜದ ಮೊಳಕೆ ಮಂದ. ಅನೇಕ ಬೀಜಗಳು ಒಳಗೆ ಜೊಳ್ಳಾಗಿರುತ್ತವೆ. ನೀರಿನಲ್ಲಿ ಹಾಕಿ, ತೇಲಿದವನ್ನು ಬಿಟ್ಟು, ಮುಳುಗಿದವನ್ನು ಬಿತ್ತುವುದು ರೂಢಿ. ಬೇರಿನ ಇಲ್ಲವೆ ಕಾಂಡದ ತುಂಡುಗಳಿಂದಲೂ ಗಿಡವನ್ನು ಪಡೆಯಬಹುದು; ಆದರೆ ಬೀಜದಿಂದ ಬೆಳೆದ ಗಿಡವೇ ಹೆಚ್ಚು ಬೇರನ್ನು ಕೊಡುತ್ತದೆ. ಸಸಿಗಳನ್ನು ಮಳೆಗಾಲದ ಆರಂಭಕ್ಕೆ ನೆಡುತ್ತಾರೆ. ರಾಸಾಯನಿಕ ಗೊಬ್ಬರಕ್ಕಿಂತ ಮೊದಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಒದಗಿಸುವುದು ಯುಕ್ತ. ಎಲೆಚುಕ್ಕೆ ರೋಗವೂ ಬೇರುಗಂಟು ಹುಳುವೂ ಇದರ ಶತ್ರುಗಳು. ಎರಡನೆಯದು ಬೇರಿಗೇ ತಗಲುವುದರಿಂದ ಮದ್ದಿನ ಭಾಗವನ್ನೇ ಕೆಡಿಸುತ್ತದೆ. ನೆಟ್ಟು ಸುಮಾರು 18 ತಿಂಗಳು ಕಳೆದ ಮೇಲೆ, ಚಳಿಗಾಲದಲ್ಲಿ ಎಲೆ ಉದುರಿದಾಗ, ತೊಗಟೆ ಕೀಳದಂತೆ ಬೇರನ್ನು ಅಗೆಯುತ್ತಾರೆ. ಒಂದೂವರೆ ವರ್ಷ ಕಾದು ಒಂದೇ ಸಲ ಫಲ ಪಡೆಯುವ ಈ ಬೆಳೆಯನ್ನು, ಕೊಳ್ಳುವವರು ನಿಶ್ಚಿತವಾಗದೆ, ಸಣ್ಣ ರೈತನ ಮೇಲೆ ಹೇರುವುದು ನ್ಯಾಯವಲ್ಲವೆಂಬುದನ್ನೂ ಇಲ್ಲಿ ಹೇಳಲೇಬೇಕು.

ನಮ್ಮ ಕಾಲೇಜುಗಳು ಮಾಡಬಹುದಾದ ಕೆಲಸ

2002ರ ಜೀವವೈವಿಧ್ಯ ಅಧಿನಿಯಮದ ಮೇರೆಗೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜನರ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕಾಗಿದೆ. ಊರಿನ ಹಿರಿಯರಿಗೆ ಹೆಸರುಗಳು ಗೊತ್ತು, ವಿದ್ಯಾರ್ಥಿಗಳಿಗೆ ಗುರುತಿನ ಶಾಸ್ತ್ರ ಗೊತ್ತು. ಇವರಿಬ್ಬರೂ ಒಂದೆಡೆ ಕುಳಿತರೆ ಪಾತಾಳಗರುಡದಂಥ ತೊಡಕುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಯಾವ ಗಿಡ ಎಲ್ಲಿ, ಎಷ್ಟು, ಯಾವ ತಿಂಗಳಲ್ಲಿ ಹೂ ಬಿಡುತ್ತದೆ, ಬೀಜ ಉದುರುವುದು ಎಂದು ಎಂಬುದನ್ನು ನಾಲ್ಕಾರು ವರ್ಷ ಬಿಡದೆ ಬರೆದಿಡುವುದಕ್ಕೆ ದುಬಾರಿ ಉಪಕರಣಗಳು ಬೇಕಿಲ್ಲ. ಕಾಲೇಜಿನ ಆವರಣದಲ್ಲಿ ಒಂದು ಸಣ್ಣ ಸಸಿಮಡಿಯಿದ್ದರೆ ಬೀಜದ ಮೊಳಕೆಯನ್ನೂ ರೋಗಗಳನ್ನೂ ಗೊಬ್ಬರದ ಪರಿಣಾಮವನ್ನೂ ವಿದ್ಯಾರ್ಥಿಗಳೇ ಪರೀಕ್ಷಿಸಿ ನೋಡಬಹುದು.

ಒಂದು ಎಚ್ಚರಿಕೆಯ ಮಾತಿನೊಡನೆ ಲೇಖನವನ್ನು ಮುಗಿಸುತ್ತೇವೆ. ಸಸ್ಯಸಂಗ್ರಹಕ್ಕೆಂದು ಕಾಡಿಗೆ ಹೋದ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಬೇರುಸಹಿತ ಒಂದೊಂದು ಗಿಡವನ್ನು ತಂದರೆ, ವ್ಯಾಪಾರಿಗೂ ನಮಗೂ ಭೇದವೇನು ಉಳಿಯಿತು? ಸರ್ಪಗಂಧಿಯಂಥ ಗಿಡವನ್ನು ಗುರುತಿಸಲು ಅದರ ಚಿತ್ರ, ಅಳತೆ, ಸ್ಥಳದ ವಿವರ ಸಾಕು. ಹೆಚ್ಚೆಂದರೆ ಅನುಮತಿ ಪಡೆದು ತಂದ ಹೂವುಳ್ಳ ಒಂದು ಚಿಕ್ಕ ಕೊನೆಯನ್ನು ಇಡೀ ತರಗತಿ ಹಂಚಿಕೊಂಡು ನೋಡಬಹುದು. ಬೇರನ್ನು ನೆಲದಲ್ಲಿಯೇ ಬಿಟ್ಟು ಬರಬೇಕು.